ಅತ್ತೆಯ ಹೆಸರಿನ ಬಿಯರ್

ಅನಸೂಯಮ್ಮನವರು ಮೈಸೂರಿನಿಂದ ಅಮೆರಿಕದ ಡಲ್ಲಾಸ್ ಪಕ್ಕದ ಮೆಕಿನ್ನಿಯಲ್ಲಿದ್ದ ಮಗನ ಮನೆಗೆ ಬಂದಿಳಿದ ವಾರದಲ್ಲೇ ಸೊಸೆಯ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಮೂಸಿ, "ಇದಕ್ಕೆ ಇಲ್ಲಿ ಸಾರು ಅಂತಾರಾ?" ಎಂದು ಕೇಳಿದರು.

ಪ್ರಿಯಂವದಾ ಮುಚ್ಚಳವನ್ನು ಅವರ ಕೈಯಿಂದ ತೆಗೆದುಕೊಂಡು ಪಾತ್ರೆಗೆ ಮುಚ್ಚಿದಳು. ಮದುವೆಯಾಗಿ ಹದಿನಾರು ವರ್ಷ. ಅಷ್ಟೂ ವರ್ಷದಲ್ಲಿ ಅತ್ತೆ ಅವಳ ಅಡಿಗೆಯನ್ನು ಒಂದು ಸಲವೂ ಚೆನ್ನಾಗಿದೆ ಎಂದವರಲ್ಲ. ಉಪ್ಪು ಸರಿಯಿದ್ದರೆ ಹುಳಿ ಕಡಿಮೆ, ಹುಳಿ ಸರಿಯಿದ್ದರೆ ಒಗ್ಗರಣೆ ಸೀದಿದೆ. ಎಲ್ಲವೂ ಸರಿಯಿದ್ದ ದಿನ "ಇವತ್ತೇನೋ ಅಪ್ಪಿತಪ್ಪಿ ಕೂಡಿಬಂದಿದೆ" ಎನ್ನುವುದು. ಪ್ರಿಯಂವದಾ ಎಲ್ಲವನ್ನೂ ನುಂಗಿಕೊಂಡು ಬಂದವಳು. ನುಂಗಿದ್ದು ಅರಗುತ್ತದೆ ಎಂದು ಯಾರು ಹೇಳಿದರು?

ಆ ಮನೆಯ ಗ್ಯಾರೇಜಿನಲ್ಲಿ ಅವಳಿಗೆ ಇನ್ನೊಂದು ಅಡಿಗೆಮನೆಯಿತ್ತು. ಅಲ್ಲಿ ಅವಳು ಬಿಯರ್ ಮಾಡುತ್ತಿದ್ದಳು. ಲಾಕ್‌ಡೌನ್ ಕಾಲದಲ್ಲಿ ಆ ಸಾಮಾನನ್ನೆಲ್ಲ ತರಿಸಿದವನು ಗಂಡ ಕೃಷ್ಣಚೈತನ್ಯ. ಲಾಸ್ ಕೊಲಿನಾಸ್‌ನಲ್ಲಿ ಐಟಿ ಕನ್ಸಲ್ಟಂಟ್, ಉತ್ಸಾಹದ ಬುಗ್ಗೆ. ಮೊದಲ ಸಲ ಮಾಡಿದ್ದು ಹುಳಿಸಿಹೋಯಿತು, ಎರಡನೇ ಸಲ ಸೀಸೆಗಳು ಸಿಡಿದು ಗ್ಯಾರೇಜಿನ ಗೋಡೆಯೆಲ್ಲ ಅಂಟಾಯಿತು. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ. ಅಷ್ಟು ದೊಡ್ಡ ಪಾತ್ರೆ, ಡ್ರಮ್ಮು, ಥರ್ಮಾಮೀಟರು ಸುಮ್ಮನೆ ಧೂಳು ತಿನ್ನುವುದನ್ನು ನೋಡಲಾರದೆ ಪ್ರಿಯಂವದಾ ಕೈಹಾಕಿದಳು. ಮೊಳಕೆ ಬರಿಸಿ ಹುರಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ಇಳಿಸುವುದು, ಸೋಸುವುದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುವುದು, ತಣಿಸಿ ಯೀಸ್ಟ್ ಬೆರೆಸಿ ವಾರಗಟ್ಟಲೆ ಮುಚ್ಚಿಡುವುದು. ದೋಸೆಹಿಟ್ಟು ಹುದುಗು ಬರಿಸಿದವಳಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಕುದಿ ಇಳಿಯುವ ಹೊತ್ತಿಗೆ ಅವಳು ಜಜ್ಜಿದ ಒಣಶುಂಠಿ ಹಾಕಿ, ಬೆಲ್ಲ ಕರಗಿಸುತ್ತಿದ್ದಳು. ಕಪ್ಪನೆಯ, ದಪ್ಪನೆಯ, ಗಂಟಲಲ್ಲಿ ಹಿತವಾಗಿ ಖಾರ ಹತ್ತುವ, ಸ್ಟೌಟ್ ಎನ್ನುವ ಬಗೆಯ ಬಿಯರ್ ಆಗುತ್ತಿತ್ತು ಅದು.

ಅದು ಗಂಡನ ಹೆಸರಿಗೆ ಹೋದದ್ದಕ್ಕೆ ಅವಳೇ ಕಾರಣ. ಹೂಸ್ಟನ್ನಿನ ಡಾಕ್ಟರ್ ಗೆಳತಿ ಸೌಂದರ್ಯಾಳ ಮನೆಯಲ್ಲಿ ಮೊದಲ ಸಲ ಸೀಸೆ ತೆರೆದಾಗ ನಡುಮನೆಯಲ್ಲಿ ಸೌಂದರ್ಯಾಳ ಅತ್ತೆ ಮಾವ ಕೂತಿದ್ದರು. "ಯಾರು ಮಾಡಿದ್ದು?" ಎಂದಾಗ ಪ್ರಿಯಂವದೆಯ ಬೆರಳು ತಾನಾಗಿ ಗಂಡನ ಕಡೆ ಹೋಯಿತು. ಹಿರಿಯರ ಮುಂದೆ ಹೆಂಗಸು ಬಿಯರ್ ನಾನು ಮಾಡಿದ್ದು ಎನ್ನುವುದು ಹೇಗೆ? ಚೈತನ್ಯ ಆ ವರ್ಷ ನಾಚಿಕೊಂಡು ಹೊಗಳಿಕೆ ತೆಗೆದುಕೊಂಡ. ಮರುವರ್ಷ ಸಲೀಸಾಗಿ ತೆಗೆದುಕೊಂಡ. ಅದರ ಮರುವರ್ಷ ಬಿಯರ್ ಮಾಡುವುದು ಹೇಗೆಂದು ಭಾಷಣವನ್ನೇ ಕೊಟ್ಟ.

ಈ ಗೆಳೆಯರ ಬಳಗಕ್ಕೆ ಪ್ರತಿ ಮಾರ್ಚ್‌ನಲ್ಲಿ ಐರಿಷ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬ. ಒಂದು ವರ್ಷ ಡಲ್ಲಾಸ್, ಒಂದು ವರ್ಷ ಹೂಸ್ಟನ್, ಒಂದು ವರ್ಷ ಆಸ್ಟಿನ್. ಐರ್ಲೆಂಡನ್ನು ಕಣ್ಣಾರೆ ಕಂಡವರು ಅವರಲ್ಲಿ ಒಬ್ಬರೂ ಇಲ್ಲ. ಆದರೂ ಹಸಿರು ಅಂಗಿ, ಹಸಿರು ಟೋಪಿ, ಎಲೆಕೋಸಿನ ಪಲ್ಯ, ಬೇಯಿಸಿದ ಆಲೂಗಡ್ಡೆ, ಮೇಲೆ ಚೈತನ್ಯನ ಹೆಸರಿನ 'ಚೈತೂ ಸ್ಟೌಟ್'. ಈ ವರ್ಷ ಆಸ್ಟಿನ್ನಿನ ಸರದಿ.

"ಯಾವ ಹಬ್ಬವಪ್ಪಾ ಅದು?" ಎಂದು ಅನಸೂಯಮ್ಮ ಮಗನನ್ನು ಕೇಳಿದ್ದರು.

"ಒಬ್ಬ ಸಂತರ ಜಯಂತಿ ಅಮ್ಮ."

"ಒಳ್ಳೇದೇ. ಮತ್ತೆ ಆ ಗ್ಯಾರೇಜಿನ ಡ್ರಮ್ಮಲ್ಲಿ ಗುಳುಗುಳು ಅನ್ನುತ್ತಲ್ಲ, ಏನದು?"

"ಅದಾ? ಹುಳಿ ಕಷಾಯ. ಹೊಟ್ಟೆಗೆ ಒಳ್ಳೇದು."

ಮೈಸೂರಿನಲ್ಲಿ ಭಜನಾ ಮಂಡಳಿಯ ಅಧ್ಯಕ್ಷೆಯಾಗಿದ್ದ ಅನಸೂಯಮ್ಮ, ಮಗ ಕುಡಿಯುವುದಿಲ್ಲ ಎಂದು ದೇವರ ಮುಂದೆ ಪ್ರಮಾಣ ಮಾಡಿ ಹೇಳಬಲ್ಲವರಾಗಿದ್ದರು.

ಫೆಬ್ರವರಿಯ ಒಂದು ಸಂಜೆ ಪ್ರಿಯಂವದಾ ಚಪಾತಿ ಲಟ್ಟಿಸುತ್ತಿದ್ದಾಗ ಚೈತನ್ಯ ಫೋನ್ ಹಿಡಿದುಕೊಂಡು ಬಂದ. "ಲೇ, ಸ್ಟೌಟಿಂದು ಅಳತೆ ಎಲ್ಲ ಒಂದ್ಸಲ ಹೇಳು."

"ಯಾಕ್ರೀ?"

"ದುಷ್ಯಂತ್ ಕೇಳ್ತಿದಾನೆ. ಮನೇಲಿ ಟ್ರೈ ಮಾಡ್ತಾನಂತೆ."

ದುಷ್ಯಂತ್ ಆಸ್ಟಿನ್ನಿನ ಗೆಳೆಯ, ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಪಾಪ, ಮಾಡಿಕೊಳ್ಳಲಿ ಎಂದು ಪ್ರಿಯಂವದಾ ಎಲ್ಲ ಹೇಳಿದಳು. ಬಾರ್ಲಿ ಎಷ್ಟು, ಎಷ್ಟು ಬಿಸಿ, ಶುಂಠಿ ಯಾವಾಗ, ಬೆಲ್ಲ ಯಾವಾಗ. ಚಪಾತಿಯನ್ನು ಮಗುಚಿಹಾಕುತ್ತ, ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದಳು. ಅವನು ತಪ್ಪಿಲ್ಲದೆ ಟೈಪ್ ಮಾಡಿಕೊಂಡ.

ಮೂರು ವಾರದ ಮೇಲೆ ಹೂಸ್ಟನ್ನಿನಿಂದ ಸೌಂದರ್ಯಾ ಫೋನ್ ಮಾಡಿದಳು. "ಪ್ರಿಯಾ, ನಿಮ್ಮತ್ತೆ ಇಷ್ಟು ಟ್ಯಾಲೆಂಟೆಡ್ ಅಂತ ನೀನು ಯಾವತ್ತೂ ಹೇಳ್ಲೇ ಇಲ್ವಲ್ಲೇ!"

"ಯಾವ ಟ್ಯಾಲೆಂಟು?"

"ಪೋಸ್ಟರ್ ನೋಡಿಲ್ವಾ? ಕಳಿಸ್ತೀನಿ ತಡಿ."

ಬಂತು. ಆಸ್ಟಿನ್ನಿನಲ್ಲಿ ಬಿಯರನ್ನು ತಾವೇ ಮಾಡಿ ಮಾರುವ ಒಂದು ಸಣ್ಣ ಬ್ರೂಪಬ್, ಐರಿಷ್ ಮೂಲದ ಮಾರೀನ್ ಎಂಬ ಹೆಂಗಸು ನಡೆಸುವ ಜಾಗ. ಹಬ್ಬದ ಶನಿವಾರ ಅಲ್ಲಿ ಹೊಸ ಬಿಯರ್ ಬಿಡುಗಡೆ. ಹೆಸರು 'ಅಮ್ಮಾಸ್ ಸ್ಟೌಟ್'. ಕೆಳಗೆ ನಾಲ್ಕು ಸಾಲು: ಮೈಸೂರಿನ ಅಡಿಗೆಮನೆಯಿಂದ, ಕೃಷ್ಣಚೈತನ್ಯನ ತಾಯಿ ಅನಸೂಯಾ ಮಗನಿಗೆ ಕಲಿಸಿಕೊಟ್ಟ ಶುಂಠಿ ಬೆಲ್ಲದ ಗುಟ್ಟು.

ಪ್ರಿಯಂವದಾ ಅದನ್ನು ಓದಿ ಫೋನನ್ನು ಹಿಟ್ಟಿನ ಡಬ್ಬದ ಮೇಲಿಟ್ಟಳು. ದುಷ್ಯಂತನ ಹೆಸರು ಹೇಳಿ ಬರೆದುಕೊಂಡ ಅಳತೆ ಹೋಗಿದ್ದು ಈ ಪಬ್ಬಿಗೆ. ಗಂಡ ತನ್ನ ಹೆಸರು ಹಾಕಿಸಿಕೊಂಡಿದ್ದರೆ ಹಾಳಾಗಿ ಹೋಗಲಿ ಎಂದುಕೊಳ್ಳುತ್ತಿದ್ದಳೇನೋ. ಇದು ಅತ್ತೆಯ ಹೆಸರು! ಹದಿನಾರು ವರ್ಷ ಅವಳ ಕೈಯ ರುಚಿಯನ್ನು ಹಳಿದವರ ತಲೆಗೆ ಅವಳ ಕೈಯ ರುಚಿಯನ್ನೇ ಒಯ್ದು ಕಿರೀಟವಾಗಿ ಇಟ್ಟಿದ್ದ ಗಂಡ.

ಚೈತನ್ಯ ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಪೋಸ್ಟರ್ ಅವನ ಮೂಗಿನ ಮುಂದಿತ್ತು.

"ಓ, ಇದಾ? ಸರ್‌ಪ್ರೈಸ್ ಕೊಡೋಣಾಂತಿದ್ದೆ."

"ಕೊಟ್ರಲ್ಲ. ಇದು ಯಾರು ಮಾಡಿದ್ದು?"

"ನಿಧಾನ ಕಣೇ, ಅಮ್ಮ ಒಳಗಿದಾರೆ."

"ಅಮ್ಮನ ಹೆಸರು ಆಸ್ಟಿನ್ ತುಂಬ ಇದೆ, ಒಳಗಿದ್ದರೆ ಏನಂತೆ?"

"ಮಾರ್ಕೆಟಿಂಗ್ ಅದು. ಮಾರೀನ್ ಕೇಳಿದ್ಲು, ಇದರ ಹಿಂದೆ ಏನು ಕಥೆ ಅಂತ. ಮೈ ಮದರ್ಸ್ ರೆಸಿಪಿ ಅಂದ ತಕ್ಷಣ ಅವಳ ಕಣ್ಣಲ್ಲಿ ನೀರು ಬಂತು."

"ನನ್ನ ಹೆಂಡತಿ ಮಾಡಿದ್ದು ಅಂದಿದ್ರೆ ಬರ್ತಿರ್ಲಿಲ್ವಾ?"

ಅವನು ಪ್ರಾಮಾಣಿಕವಾಗಿ ಒಂದು ಕ್ಷಣ ಯೋಚಿಸಿದ. ಅದೇ ಅವನ ದೊಡ್ಡ ತಪ್ಪು. "ಹೆಂಡತಿ ಅಂದ್ರೆ... ಅದರಲ್ಲಿ ಕಥೆ ಇಲ್ಲ ಕಣೇ."

ಹದಿಹರೆಯದ ಮಗಳು ಸಿಯಾ ಸೋಫಾದಿಂದ ತಲೆಯೆತ್ತಿ "ಓ ಮೈ ಗಾಡ್, ಡ್ಯಾಡ್" ಎಂದು ಮತ್ತೆ ಫೋನಿಗೆ ಮುಖ ಹಾಕಿದಳು.

"ಅಮ್ಮಂಗೆ ಮಾತ್ರ ಹೇಳ್ಬೇಡ," ಎಂದ ಚೈತನ್ಯ, ದನಿ ತಗ್ಗಿಸಿ. "ಅವರೇನು ಆಸ್ಟಿನ್ನಿಗೆ ಹೋಗ್ತಾರಾ? ಇಂಗ್ಲಿಷ್ ಓದ್ತಾರಾ? ಯಾರಿಗೂ ತೊಂದರೆ ಇಲ್ಲ."

ಪ್ರಿಯಂವದಾ ಅಂದು ರಾತ್ರಿಯ ಊಟಕ್ಕೆ ಗೊಜ್ಜವಲಕ್ಕಿ ಮಾಡಿದಳು. ಬಡಿಸಿದಳು. ಅತ್ತೆ "ಹುಣಿಸೆ ಹಸಿ ಹಸಿ ಇದೆ" ಎಂದರು. ಹೌದು ಅತ್ತೆ ಎಂದಳು. ಅವಳ ಮನಸ್ಸು ಆಗಲೇ ಬೇರೆ ಅಡಿಗೆಗೆ ಒಲೆ ಹಚ್ಚಿತ್ತು. ಸೇಡು ಎಂದರೆ ಸೇಡೇ. ಅದಕ್ಕೆ ಅವಳು ಬೇರೆ ಒಳ್ಳೆಯ ಹೆಸರು ಹುಡುಕಲು ಹೋಗಲಿಲ್ಲ.

ಮರುದಿನ ಅವಳು ಮಾಡಿದ್ದು ಎರಡು ಕೆಲಸ. ಮೊದಲು ಸೌಂದರ್ಯಾ ಮತ್ತು ದುಷ್ಯಂತ್‌ಗೆ ಫೋನ್. "ಅತ್ತೆಯವರ ಹೆಸರಲ್ಲಿ ಬಿಡುಗಡೆ ಅಂದ್ಮೇಲೆ ಅವರನ್ನೇ ಕರ್ಕೊಂಡು ಬರ್ತೀನಿ. ನಮ್ಮ ಪದ್ಧತಿ ಪ್ರಕಾರ ಶಾಲು, ಹಾರ, ಹಣ್ಣಿನ ತಟ್ಟೆ ಇಟ್ಟು ಒಂದು ಸನ್ಮಾನ ಮಾಡಿದ್ರೆ ಹೇಗೆ?" ಸನ್ಮಾನ ಎಂದರೆ ಬೇಡ ಎನ್ನುವ ಕನ್ನಡಿಗರುಂಟೇ? ಹಾರ ನಾನು ತರ್ತೀನಿ ಎಂದು ಸೌಂದರ್ಯಾ ಕುಣಿದಳು. ಆಂಟಿಗೆ ಮೈಕ್ ವ್ಯವಸ್ಥೆ ನಂದು ಎಂದ ದುಷ್ಯಂತ್.

ಎರಡನೆಯದು, ಮಧ್ಯಾಹ್ನದ ಕಾಫಿಯ ಹೊತ್ತಿಗೆ ಅತ್ತೆಯ ಪಕ್ಕ ಕೂತು ಹೇಳಿದ್ದು. "ಅತ್ತೆ, ಸಂತರ ಜಯಂತಿ ದಿನ ಆಸ್ಟಿನ್ನಲ್ಲಿ ನಿಮಗೆ ಸನ್ಮಾನ ಇಟ್ಕೊಂಡಿದಾರೆ."

"ನನಗಾ! ಯಾಕೆ?"

"ನಿಮ್ಮ ಶುಂಠಿ ಬೆಲ್ಲದ ಕೈರುಚಿ ಬಗ್ಗೆ ನಿಮ್ಮ ಮಗ ಅಲ್ಲಿ ಹೇಳಿದಾರೆ. ಆ ಹೋಟೆಲಿನವರು ನಿಮ್ಮ ಹೆಸರಲ್ಲಿ ಒಂದು ಪೇಯಾನೇ ಮಾಡಿದಾರೆ."

ಒಂದು ಅಕ್ಷರವೂ ಸುಳ್ಳಲ್ಲ. ಅನಸೂಯಮ್ಮನವರ ಮುಖ ಅರಳಿತು. "ನನ್ನ ಪಾನಕ ಇರಬೇಕು," ಎಂದರು. ಆ ಮುಖ ನೋಡಿ ಪ್ರಿಯಂವದೆಗೆ ಒಳಗೆ ಎಲ್ಲೋ ಚುಚ್ಚಿತು. ಆದರೆ ಮರುಗಳಿಗೆಗೇ ಅತ್ತೆ "ನೋಡು, ಕೈಗುಣ ಅನ್ನೋದು ಸಮುದ್ರ ದಾಟಿದ್ರೂ ಗೊತ್ತಾಗುತ್ತೆ. ಎಲ್ಲರಿಗೂ ಬರಲ್ಲ ಅದು" ಎಂದರು. ಚುಚ್ಚಿದ್ದು ಅಲ್ಲಿಗೇ ನಿಂತಿತು.

ಆಮೇಲಿನ ಎರಡು ವಾರ ಚೈತನ್ಯನಿಗೆ ಊಟ ರುಚಿಸಲಿಲ್ಲ. ತಾಯಿಯೋ, ಮೈಸೂರಿನ ನೆಂಟರಿಗೆಲ್ಲ ಫೋನ್ ಮಾಡಿ ಸನ್ಮಾನದ ಸುದ್ದಿ ಹೇಳಿ ಮುಗಿಸಿದ್ದರು. ಮುಖ್ಯವಾಗಿ ನಾದಿನಿ ಜಯದೇವಿಗೆ. ಜಯದೇವಿ ಭಜನಾ ಮಂಡಳಿಯ ಅಧ್ಯಕ್ಷೆಯ ಕುರ್ಚಿಯ ಮೇಲೆ ಬಹಳ ವರ್ಷದಿಂದ ಕಣ್ಣಿಟ್ಟಿದ್ದವರು.

"ಅಮ್ಮ, ಅಷ್ಟು ದೂರ ಕಾರಲ್ಲಿ ಕೂತ್ರೆ ನಿಮಗೆ ಸೊಂಟ ನೋವು," ಎಂದ ಮಗ.

"ಸನ್ಮಾನಕ್ಕೆ ಹೋಗೋವಾಗ ಯಾವ ಸೊಂಟವೂ ನೋಯಲ್ಲ ಕಣೋ."

"ಜನ ಜಾಸ್ತಿ ಇರ್ತಾರೆ, ಗಲಾಟೆ."

"ಜನ ಇಲ್ದೆ ಇದ್ರೆ ಅದ್ಯಾವ ಸನ್ಮಾನ?"

ಅವನು ಅಡಿಗೆಮನೆಗೆ ಬಂದು ಹೆಂಡತಿಯ ಮುಂದೆ ಕೈಮುಗಿದ. "ಏನೋ ತಪ್ಪಾಯ್ತು. ಇದನ್ನ ನಿಲ್ಸು."

"ಮಾರೀನ್‌ಗೆ ಫೋನ್ ಮಾಡಿ. ಮಾಡಿದ್ದು ನನ್ನ ಹೆಂಡತಿ ಅನ್ನಿ. ಬೋರ್ಡ್ ಬದಲಾಯಿಸ್ಲಿ. ನಿಲ್ಸ್ತೀನಿ."

"ಪ್ರಿಂಟ್ ಆಗೋಗಿದೆ ಕಣೇ. ನನ್ನ ಮರ್ಯಾದೆ ಏನಾಗ್ಬೇಕು?"

"ಹಾಗಾದ್ರೆ ಅತ್ತೆಗೆ ಯಾವ ಸೀರೆ ಇಸ್ತ್ರಿ ಮಾಡ್ಲಿ ಹೇಳಿ. ಹಸಿರೇ ಇರ್ಲಿ ಅಲ್ವಾ?"

ಶನಿವಾರ ಮಧ್ಯಾಹ್ನ ಆಸ್ಟಿನ್ನಿನ ಆ ಪಬ್ಬಿನ ಅಂಗಳದ ತುಂಬ ಹಸಿರು ಟೋಪಿಗಳು, ಪಿಟೀಲಿನ ಸದ್ದು, ಮಕ್ಕಳ ಓಡಾಟ. ಅನಸೂಯಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟು ಬಾಗಿಲಲ್ಲಿ ಕಾಲಿಟ್ಟರು. ಉದ್ದನೆಯ ಕಟ್ಟೆಯ ಮೇಲೆ ಸಾಲಾಗಿ ನಲ್ಲಿಗಳು, ನೊರೆಯುಕ್ಕುವ ಗ್ಲಾಸುಗಳು. ಅವರ ಹೆಜ್ಜೆ ನಿಧಾನವಾಯಿತು. ಅವರು ದಡ್ಡರಲ್ಲ. ಮಗನ ಕಡೆ ನೋಡಿದರು. ಅವನು ತನ್ನ ಬೂಟನ್ನು ನೋಡುತ್ತಿದ್ದ. ಸೊಸೆಯ ಕಡೆ ನೋಡಿದರು. ಅವಳು ನೆಟ್ಟಗೆ ಅವರ ಕಣ್ಣನ್ನೇ ನೋಡುತ್ತಿದ್ದಳು.

ಸೌಂದರ್ಯಾ, ಚೈತೂ ನಮಗೆ ವರ್ಷಾ ವರ್ಷ ಮಾಡಿ ತರ್ತಿದ್ದಿದ್ದು ಇದನ್ನೇ ಆಂಟಿ ಎನ್ನುತ್ತ ಹಾರ ಹಾಕಿದಳು. ದುಷ್ಯಂತ್ ಶಾಲು ಹೊದಿಸಿದ. ಮಾರೀನ್ ಕಪ್ಪನೆಯ ಸ್ಟೌಟ್ ತುಂಬಿದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವರ ಕೈಗಿತ್ತಳು. ಅನಸೂಯಮ್ಮ ಮೂಸಿದರು. ಶುಂಠಿ, ಬೆಲ್ಲ, ಅದರ ಅಡಿಯಲ್ಲಿ ಮೆಕಿನ್ನಿಯ ಗ್ಯಾರೇಜಿನ ಅದೇ ವಾಸನೆ. ಎಲ್ಲ ಗೊತ್ತಾಯಿತು ಅವರಿಗೆ. ಕಷಾಯ ಯಾವುದು, ಅದರ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದವಳು ಯಾರು ಎನ್ನುವುದೆಲ್ಲ.

"ಆಂಟಿ, ಇದನ್ನ ಮಗನಿಗೆ ಹೇಗೆ ಕಲಿಸಿದ್ರಿ ಅಂತ ಕೇಳ್ತಿದಾರೆ. ನೀವು ಕನ್ನಡದಲ್ಲೇ ಹೇಳಿ, ನಾನು ಇಂಗ್ಲಿಷ್ ಮಾಡ್ತೀನಿ," ಎಂದು ದುಷ್ಯಂತ್ ಮೈಕ್ ಹಿಡಿದ.

ಇದೇ ಗಳಿಗೆಗಾಗಿ ಪ್ರಿಯಂವದಾ ಎರಡು ವಾರ ಕಾದಿದ್ದಳು. ಈಗ ಸಿಡಿಯುತ್ತಾರೆ, ಗ್ಲಾಸು ನೆಲಕ್ಕೆ ಬೀಳುತ್ತದೆ, ಮಗನ ಬಣ್ಣ ನಾಲ್ಕು ಜನರ ಮುಂದೆ ಬಯಲಾಗುತ್ತದೆ. ಅನಸೂಯಮ್ಮ ಶಾಲು ಸರಿಮಾಡಿಕೊಂಡರು. ಮೈಕಿನ ಹತ್ತಿರ ಬಾಯಿ ತಂದರು.

"ಹೌದು, ನಾನೇ ಹೇಳಿಕೊಟ್ಟಿದ್ದು," ಎಂದರು, ಗಟ್ಟಿಯಾಗಿ. "ಚಿಕ್ಕಂದಿನಿಂದ ಅವನು ನನ್ನ ಅಡಿಗೆಮನೇಲೇ ಬೆಳೆದವನು. ಶುಂಠಿಗೆ ಬೆಲ್ಲ ಸೇರಿದ್ರೆ ಯಾವುದಾದ್ರೂ ರುಚಿಯೇ. ಎಲ್ಲರಿಗೂ ಒಳ್ಳೇದಾಗ್ಲಿ."

ಚಪ್ಪಾಳೆಯೋ ಚಪ್ಪಾಳೆ. ಮಾರೀನ್ ಕಣ್ಣೊರೆಸಿಕೊಂಡಳು. ಚೈತನ್ಯ ಓಡಿಬಂದು ತಾಯಿಯ ಕಾಲಿಗೆ ಬಿದ್ದ. ಅದನ್ನು ನೋಡಿ ಅಮೆರಿಕದವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಹಾರ, ಶಾಲು, ಕೈಯಲ್ಲಿ ನೊರೆಯುಕ್ಕುವ ಗ್ಲಾಸು, ಹಿಂದೆ 'ಅಮ್ಮಾಸ್ ಸ್ಟೌಟ್' ಎಂಬ ದೊಡ್ಡ ಬ್ಯಾನರು. ಎಲ್ಲರ ಫೋನುಗಳೂ ಮೇಲೆದ್ದವು.

ಗದ್ದಲದ ನಡುವೆ ಅನಸೂಯಮ್ಮ ಸೊಸೆಯ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡರು. "ನನ್ನ ಮಗನ್ನ ನಗೆಪಾಟಲು ಮಾಡೋಕೆ ನನ್ನನ್ನೇ ಕರ್ಕೊಂಡ್ ಬಂದ್ಯಾ? ನಾನಿರೋವರೆಗೂ ಅದಾಗಲ್ಲ."

"ಮಾಡಿದ್ದು ನಾನು ಅಂತ ನಿಮಗೆ ಗೊತ್ತಾಯ್ತಲ್ಲ ಅತ್ತೆ."

"ಗೊತ್ತಾಯ್ತು. ಅದಕ್ಕೇನೀಗ?"

ಹಿಂದಿರುಗುವ ದಾರಿಯುದ್ದಕ್ಕೂ ಚೈತನ್ಯ ಗೆದ್ದ ಎತ್ತಿನ ಹಾಗೆ ಮೂಗಲ್ಲೇ ಏನೋ ಗುನುಗುತ್ತ ಡ್ರೈವ್ ಮಾಡಿದ. ಪ್ರಿಯಂವದಾ ಕಿಟಕಿಯ ಕಡೆ ತಿರುಗಿ ಅಳಬಾರದು ಎಂದು ಹಲ್ಲು ಕಚ್ಚಿಕೊಂಡಳು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದಾಯಿತು. ಗೊತ್ತಿದ್ದೂ ಅದಕ್ಕೇನೀಗ ಅಂದರಲ್ಲ!

ಭಾನುವಾರ ಬೆಳಿಗ್ಗೆ ಸೌಂದರ್ಯಾ ಫೋಟೋ ಕಳಿಸಿದಳು. ಬಹಳ ಚೆನ್ನಾಗಿ ಬಂದಿತ್ತು. ಪ್ರಿಯಂವದಾ ಕಾಫಿ ಕುಡಿಯುತ್ತ ಅದನ್ನೇ ನೋಡಿದಳು. ಆಮೇಲೆ ಗಂಡನ ಮನೆಯ ಕಡೆಯ ಐವತ್ತು ಅರವತ್ತು ಜನರಿದ್ದ ಫ್ಯಾಮಿಲಿ ಗ್ರೂಪಿಗೆ ಹಾಕಿ, ಕೆಳಗೆ ಬರೆದಳು: 'ಆಸ್ಟಿನ್ನಿನಲ್ಲಿ ಅತ್ತೆಯವರಿಗೆ ಸನ್ಮಾನ. ಅವರ ಹೆಸರಿನಲ್ಲಿ ಬಿಯರ್ ಬಿಡುಗಡೆ. ಇದನ್ನು ಮಗನಿಗೆ ಕಲಿಸಿದ್ದು ತಾವೇ ಎಂದು ಅತ್ತೆ ಸ್ವತಃ ಮೈಕಿನಲ್ಲಿ ಹೇಳಿದರು.'

ಸಿಯಾ ಅವಳ ಭುಜದ ಮೇಲಿನಿಂದ ಇಣುಕಿದಳು. "ಮಾಮ್. ದಟ್ ಈಸ್ ಸೋ ಮೀನ್."

"ಹೌದು," ಎಂದಳು ಪ್ರಿಯಂವದಾ.

ಮೈಸೂರಿನಲ್ಲಿ ಆಗ ಸಂಜೆ, ಎಲ್ಲರ ಕೈಯಲ್ಲೂ ಫೋನಿರುವ ಹೊತ್ತು. ಮೊದಲು ಯಾರೋ ಒಬ್ಬ ಹುಡುಗ ಚಪ್ಪಾಳೆಯ ಚಿತ್ರ ಹಾಕಿ ತಕ್ಷಣ ಅಳಿಸಿದ. ಆಮೇಲೆ ಜಯದೇವಿ ಬಂದರು: 'ಅತ್ತಿಗೆ, ಭಜನಾ ಮಂಡಳಿಯ ಅಧ್ಯಕ್ಷರ ಕೈಯಲ್ಲಿ ಬೀರು! ನಮ್ಮ ಮನೆ ಮಕ್ಕಳಿಗೆ ಅಡಿಗೆಮನೇಲಿ ಇದನ್ನೇ ಕಲಿಸಿದ್ದಾ ನೀವು? ರಾಮೋತ್ಸವದ ಕಳಶ ಈ ಸಲ ಯಾರು ಹಿಡಿಯೋದು ಅಂತ ಮಂಡಳಿಯವರೆಲ್ಲ ಕೇಳ್ತಿದಾರೆ.'

ಅನಸೂಯಮ್ಮನವರ ಫೋನು ಹೊಡೆದುಕೊಳ್ಳತೊಡಗಿತು. ಒಂದು ಮುಗಿಯುವುದರೊಳಗೆ ಇನ್ನೊಂದು. "ಇಲ್ಲ ಕಣೇ... ಅಯ್ಯೋ ರಾಮ, ನಾನ್ಯಾಕೆ... ಕುಡಿದಿಲ್ಲ, ಬರೀ ಹಿಡ್ಕೊಂಡಿದ್ದೆ..." ಮೂರನೇ ಫೋನಿಗೆ ಅವರ ಗಂಟಲು ಒಡೆದಿತ್ತು. ಮಗ ಬಾಗಿಲಲ್ಲಿ ನಿಂತು, "ಅಮ್ಮ, ಏನೂ ಹೇಳ್ಬೇಡಿ, ನಾಳೆ ಎಲ್ಲರೂ ಮರೀತಾರೆ," ಎಂದ.

"ನೀನು ಮರೀತೀಯಾ. ಕಳಶ ಹಿಡಿಯೋಳು ನಾನು!" ಎಂದು ಅನಸೂಯಮ್ಮ ಗುಡುಗಿದರು. ಮಗನ ಮರ್ಯಾದೆಗೆ ಸುಳ್ಳು ಹೇಳಿದ ತಾಯಿ, ತನ್ನ ಮರ್ಯಾದೆಯ ಪ್ರಶ್ನೆ ಬಂದಾಗ ಹಿಂದೆಮುಂದೆ ನೋಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು, ಗ್ರೂಪಿನಲ್ಲಿ ಎಲ್ಲರೂ ಕೇಳುವ ಹಾಗೆ ವಾಯ್ಸ್ ಮೆಸೇಜ್ ಹಾಕಿದರು.

"ಜಯದೇವಿ, ಎಲ್ಲರೂ ಕೇಳಿಸ್ಕೊಳ್ಳಿ. ಈ ಬೀರು ಗೀರು ನನಗೆ ಗೊತ್ತಿಲ್ಲ. ನನ್ನ ಮಗನಿಗೂ ಗೊತ್ತಿಲ್ಲ, ಅವನಿಗೆ ನೀರು ಕಾಯಿಸೋಕೂ ಬರಲ್ಲ. ಇದೆಲ್ಲ ಮಾಡಿದೋಳು ಪ್ರಿಯಂವದಾ. ಗ್ಯಾರೇಜಲ್ಲಿ ಡ್ರಮ್ ಇಟ್ಕೊಂಡು ವರ್ಷಗಟ್ಟಲೆಯಿಂದ ಮಾಡ್ತಿದಾಳೆ. ಶುಂಠಿ ಅವಳದು, ಬೆಲ್ಲ ಅವಳದು, ಬುದ್ಧಿ ಅವಳದು. ನನ್ನ ಮಗ ಸುಮ್ನೆ ತನ್ನ ಹೆಸರು ಹೇಳ್ಕೊಂಡು ತಿರುಗಿದ, ಆಮೇಲೆ ನನ್ನ ಹೆಸರು ಹಾಕ್ಸಿದ. ನನ್ನ ಕೈ ಅದನ್ನ ಮುಟ್ಟಿಲ್ಲ!"

ಪ್ರಿಯಂವದಾ ಅಡಿಗೆಮನೆಯ ಕಟ್ಟೆಗೆ ಒರಗಿ ಅದನ್ನು ಕೇಳಿದಳು. ಮತ್ತೊಂದು ಸಲ ಕೇಳಿದಳು. ಬೈಗುಳವೇ ಇರಬಹುದು, ಆದರೆ ಆ ಬಾಯಿಂದ ಅವಳ ಕೈಗೆ ಸಂದ ಮೊದಲ ಮಾತು ಅದು. ಆ ಮಾತನ್ನು ಹಾಗೇ ಡಲ್ಲಾಸ್, ಹೂಸ್ಟನ್, ಆಸ್ಟಿನ್ನಿನ ಗೆಳೆಯರ ಗ್ರೂಪಿಗೆ ದಾಟಿಸಿದಳು. ಮಾರೀನ್‌ಗೂ ಕಳಿಸಿದಳು, ಒಂದು ಪದವನ್ನೂ ಬಿಡದೆ ಇಂಗ್ಲಿಷ್ ಮಾಡಿ. ನೀರು ಕಾಯಿಸಲೂ ಬಾರದ ಮಗನನ್ನೂ ಬಿಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಚೈತನ್ಯ ಸುಣ್ಣ ಬಳಿದ ಮುಖ ಹೊತ್ತು ಬಂದ. "ಎಲ್ಲರೂ ನಗ್ತಿದಾರೆ ಕಣೇ. ದುಷ್ಯಂತ್ ನನ್ನ ಫೋನೇ ಎತ್ತುತ್ತಿಲ್ಲ. ಡಿಲೀಟ್ ಮಾಡು."

"ಮಾರೀನ್ ಬೋರ್ಡ್ ಅಳಿಸಿ ಬರೆಸ್ತಾಳಂತೆ. ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿದ್ಲು, ಕಳಿಸಿದೆ. ಉದ್ದ ಆಯ್ತು, ಆದ್ರೂ ಪೂರ್ತಿ ಹಾಕ್ತಾಳಂತೆ."

"ನನ್ನ ಕಥೆ ಏನೇ?"

"ನಿಮ್ಮದರಲ್ಲಿ ಕಥೆ ಇಲ್ಲ ಕಣ್ರೀ," ಎಂದು ಪ್ರಿಯಂವದಾ ಅವನ ತಟ್ಟೆಗೆ ಅನ್ನ ಬಡಿಸಿದಳು.

ಅಷ್ಟರಲ್ಲಿ ಅನಸೂಯಮ್ಮ ಕೋಣೆಯಿಂದ ಹೊರಗೆ ಬಂದರು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು. ಊಟದ ಮೇಜಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ನಮ್ಮ ಮನೆಯವರಿಗೆ ಅಂತ ಆಡಿದ ಮಾತನ್ನ ಊರಿಗೆಲ್ಲ ಕೇಳಿಸಿದ್ಯಾ? ಆ ಹೋಟೆಲಿನವಳಿಗೂ?"

"ಹೌದು ಅತ್ತೆ."

"ನಿನ್ನೆ ನಾನು ಅವರ ಮುಂದೆ ಆಡಿದ್ದು ಸುಳ್ಳು ಅಂತ ಆಯ್ತಲ್ಲೇ!"

ಪ್ರಿಯಂವದಾ ಸೌಟನ್ನು ಕೆಳಗಿಟ್ಟು, ಸೆರಗಿಲ್ಲದ ಕುರ್ತಾಕ್ಕೆ ಕೈ ಒರೆಸಿಕೊಂಡು, ಅತ್ತೆಯ ಮುಖವನ್ನೇ ನೋಡಿದಳು.

"ಆಯ್ತು," ಎಂದಳು. "ಅದಕ್ಕೇನೀಗ?"